ಸಿನಿಮಾ ಹುಚ್ಚನ್ನು ಪೋಸ್ಟರ್ ಕೆಲಸಕ್ಕೆ ಹಚ್ಚುವುದು ಹೇಗೆ?

ಗ್ರಾಫಿಕ್ ಡಿಸೈನರ್‌ಗಳಲ್ಲಿ ಸಿನಿಮಾ ಹುಚ್ಚಿನವರು ಜಾಸ್ತಿ. ಆದರೆ ಅವರು ಮಾಡಿದ ಪೋಸ್ಟರ್‌ಗಳಲ್ಲಿ ಆ ಹುಚ್ಚು ಹೆಚ್ಚಾಗಿ ಒಂದೇ ರೂಪದಲ್ಲಿ ಕಾಣುತ್ತದೆ. ಎಲ್ಲೋ ನೋಡಿದ ಇನ್ನೊಂದು ಪೋಸ್ಟರಿನ ನೆರಳು. ಅದೇ ಕಿತ್ತಳೆ-ನೀಲಿ ಬಣ್ಣ, ಬೆನ್ನು ತಿರುಗಿಸಿ ನಿಂತ ಅದೇ ನಾಯಕ, ಅದೇ ಹೊಗೆ, ಅದೇ ಕಿಡಿ. ಇದು ಸಿನಿಮಾ ಪ್ರೀತಿ ಅಲ್ಲ, ಪೋಸ್ಟರ್ ಪ್ರೀತಿ.

ಪೋಸ್ಟರ್ ಮಾಡುವುದನ್ನು ಸಿನಿಮಾದಿಂದಲೇ ಕಲಿಯಬೇಕು ಅನ್ನುವುದು ನನ್ನ ವಾದ. ಕ್ಯಾಮೆರಾ ಎಲ್ಲಿಟ್ಟರು, ಏನನ್ನು ಫ್ರೇಮಿನ ಹೊರಗೆ ಬಿಟ್ಟರು, ಯಾವ ಕ್ಷಣಕ್ಕೆ ಕಟ್ ಮಾಡಿ ಮುಂದಿನ ಶಾಟಿಗೆ ಹೋದರು? ಪೋಸ್ಟರ್ ಮಾಡುವವರ ಮುಂದೆಯೂ ಇರುವುದು ಇದೇ ಪ್ರಶ್ನೆಗಳು. ನೀವು ಮಾಡುತ್ತಿರುವುದು ಸಿನಿಮಾ ಪೋಸ್ಟರೇ ಆಗಬೇಕಿಲ್ಲ. ನಾಟಕ, ಸಂಗೀತ ಕಾರ್ಯಕ್ರಮ, ಪುಸ್ತಕ ಬಿಡುಗಡೆ, ರಕ್ತದಾನ ಶಿಬಿರ, ಯಾವುದಕ್ಕಾದರೂ ಇದು ಹೊಂದುತ್ತದೆ.

1. ನೋಡುವ ಅಭ್ಯಾಸ ಬದಲಿಸಿ

ಮೊದಲ ಸಲ ಪ್ರೇಕ್ಷಕರಾಗಿಯೇ ನೋಡಿ. ಪೆನ್ನು, ಪುಸ್ತಕ ಬೇಡ. ಅಳು ಬಂದರೆ ಅಳಿ, ನಗು ಬಂದರೆ ನಗಿ. ಡಿಸೈನರ್ ಕಣ್ಣು ಎರಡನೇ ಸಲಕ್ಕಿರಲಿ.

ಎರಡನೇ ಸಲ ಇಡೀ ಸಿನಿಮಾ ನೋಡಬೇಕಾಗಿಲ್ಲ. ಮನಸ್ಸಿನಲ್ಲಿ ಉಳಿದುಕೊಂಡ ಹತ್ತು ನಿಮಿಷದ ಭಾಗ ಸಾಕು. ಸೌಂಡ್ ಪೂರ್ತಿ ತೆಗೆದುಬಿಡಿ. ಮಾತು, ಸಂಗೀತ ಹೋದ ಕೂಡಲೇ ಕಥೆ ಹಿಂದೆ ಸರಿಯುತ್ತದೆ, ಚಿತ್ರ ಮುಂದೆ ಬರುತ್ತದೆ. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ಬಾಗಿಲು ಯಾಕೆ ಅರ್ಧ ತೆರೆದಿದೆ, ಇಬ್ಬರು ಮಾತಾಡುವಾಗ ನಡುವೆ ಎಷ್ಟು ಜಾಗ ಇದೆ, ಎಲ್ಲ ಕಣ್ಣಿಗೆ ಬೀಳತೊಡಗುತ್ತದೆ. ಆಗ ನಿಲ್ಲಿಸಿ ನೋಡಿ.

ಸೆಕೆಂಡಿಗೆ 24 ಫ್ರೇಮ್‌ನಂತೆ ಎರಡು ಗಂಟೆಯ ಸಿನಿಮಾದಲ್ಲಿ 1,72,800 ಫ್ರೇಮ್‌ಗಳಿರುತ್ತವೆ. ತನ್ನಷ್ಟಕ್ಕೆ ನಿಲ್ಲಬಲ್ಲಂಥವು ಅದರಲ್ಲಿ ಬೆರಳೆಣಿಕೆಯಷ್ಟು. ಉಳಿದವು ಮುಂದಿನ ಫ್ರೇಮಿಗೆ ದಾರಿ ಮಾತ್ರ. ನಿಲ್ಲಬಲ್ಲ ಫ್ರೇಮ್ ಯಾವುದು ಅಂತ ಗುರುತಿಸುವುದೇ ಇಲ್ಲಿನ ಅಭ್ಯಾಸ.

ಸಿಕ್ಕಿದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಫೋಲ್ಡರಿಗೆ ಹಾಕಿದರೆ ಮತ್ತೆ ಅದನ್ನು ತೆರೆಯುವವರು ಯಾರೂ ಇಲ್ಲ. ಅದರ ಬದಲು ಕೈಯಲ್ಲಿ ಬರೆದುಕೊಳ್ಳಿ. ಒಂದು ಪುಟ್ಟ ಚೌಕ, ಒಳಗೆ ಕಡ್ಡಿ ಮನುಷ್ಯರು, ಕತ್ತಲಿರುವ ಕಡೆ ಗೀಚು. ಅರ್ಧ ನಿಮಿಷದ ಕೆಲಸ. ಚಿತ್ರಕಲೆ ಬರಬೇಕಾಗಿಲ್ಲ. ಸ್ಕ್ರೀನ್‌ಶಾಟ್ ಎಲ್ಲವನ್ನೂ ಹಿಡಿದಿಡುತ್ತದೆ. ಕೈ ಮಾತ್ರ ಬೇಕಾದ್ದನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ಬಿಡುತ್ತದೆ. ಬಿಡುವುದನ್ನು ಕಲಿಯುವುದು ಇಲ್ಲಿಂದಲೇ.

1920ರ ದಶಕದ ಮಾಸ್ಕೋದಲ್ಲಿ ಸಿನಿಮಾ ಪೋಸ್ಟರ್ ಮಾಡುತ್ತಿದ್ದ ಸ್ಟೆನ್‌ಬರ್ಗ್ ಸಹೋದರರು ಇದನ್ನೇ ಇನ್ನೊಂದು ರೀತಿ ಮಾಡಿದರು. ಸಿನಿಮಾದ ಫ್ರೇಮನ್ನು ಪ್ರೊಜೆಕ್ಟರಿನಿಂದ ದೊಡ್ಡದಾಗಿ ಬೀಳಿಸಿ, ಬೇಕಾದಂತೆ ಹಿಗ್ಗಿಸಿ, ಓರೆ ಮಾಡಿ, ಅದರ ಮೇಲೆ ಕೈಯಲ್ಲಿ ಬರೆದುಕೊಳ್ಳುತ್ತಿದ್ದರು. ಫೋಟೋ ಅಂಟಿಸಿದ ಹಾಗೆ ಕಾಣುವ ಅವರ ಎಷ್ಟೋ ಪೋಸ್ಟರ್‌ಗಳು ಕೈಯಲ್ಲಿ ಬರೆದ ಚಿತ್ರಗಳು. ಫ್ರೇಮ್ ಸಿನಿಮಾದ್ದೇ ಆದರೂ ಅದರಲ್ಲಿ ಏನು ಉಳಿಯಬೇಕು ಅನ್ನುವ ತೀರ್ಮಾನ ಅವರದು.

ಚೌಕದ ಪಕ್ಕ ಎರಡು ಮೂರು ಸಾಲು ಬರೆಯಿರಿ. ಹೀಗೆ:

"ಅಡುಗೆಮನೆ. ಹೆಂಗಸು ಫ್ರೇಮಿನ ಬಲ ಅಂಚಿಗೆ ಅಂಟಿಕೊಂಡಿದ್ದಾಳೆ. ಬಲಕ್ಕೇ ನೋಡುತ್ತಿದ್ದಾಳೆ. ಎಡಗಡೆ ಮುಕ್ಕಾಲು ಪಾಲು ಖಾಲಿ ಗೋಡೆ. ಬೆಳಕು ಹಿಂದಿನಿಂದ. ಮುಖ ಕಾಣುವುದಿಲ್ಲ, ಕಿವಿಯೋಲೆ ಮಿನುಗುತ್ತದೆ. ಉಸಿರು ಕಟ್ಟಿದ ಹಾಗೆ."

ಕೊನೆಯ ಮಾತನ್ನು ಗಮನಿಸಿ. ನಿಮಗೆ ಏನನ್ನಿಸಿತು ಅನ್ನುವುದು ಅದು. ಅದರ ಮೇಲಿನ ಸಾಲುಗಳಲ್ಲಿ ಕಾರಣ ಇದೆ. ಸಾಮಾನ್ಯವಾಗಿ ಒಬ್ಬರು ಎತ್ತ ನೋಡುತ್ತಾರೋ ಅತ್ತ ಜಾಗ ಬಿಡುತ್ತಾರೆ. ಇಲ್ಲಿ ಆ ಜಾಗವನ್ನೇ ಕಿತ್ತುಕೊಂಡಿದ್ದಾರೆ. ಅದಕ್ಕೇ ಉಸಿರು ಕಟ್ಟಿದ್ದು. ನಾಳೆ ನಿಮ್ಮ ಪೋಸ್ಟರಿನಲ್ಲಿ ಅದೇ ಇಕ್ಕಟ್ಟು ಬೇಕಾದಾಗ ಮುಖವನ್ನು ಅಂಚಿಗೆ ತಳ್ಳಿ, ಹೊರಗೆ ನೋಡುವಂತೆ ಮಾಡಿ. ಅಡುಗೆಮನೆ, ಹೆಂಗಸು, ಕಿವಿಯೋಲೆ ಯಾವುದೂ ಬೇಕಾಗಿಲ್ಲ. ಎಲ್ಲಿಂದ ತೆಗೆದುಕೊಂಡಿರಿ ಅಂತ ಯಾರಿಗೂ ಗೊತ್ತೂ ಆಗುವುದಿಲ್ಲ.

2. ಅಡ್ಡ ಫ್ರೇಮನ್ನು ಉದ್ದ ಕಾಗದಕ್ಕೆ ತನ್ನಿ

ಇಲ್ಲೊಂದು ತಾಪತ್ರಯ ಇದೆ. ಸಿನಿಮಾ ಅಡ್ಡ, ಪೋಸ್ಟರ್ ಉದ್ದ. ಇಂದಿನ ಎಷ್ಟೋ ಸಿನಿಮಾಗಳ ವೈಡ್‌ಸ್ಕ್ರೀನ್ ಫ್ರೇಮಿನ ಅಳತೆ 2.39:1. ಅಂದರೆ ಎತ್ತರಕ್ಕಿಂತ ಅಗಲ ಎರಡೂಕಾಲು ಪಟ್ಟಿಗಿಂತಲೂ ಜಾಸ್ತಿ. ಎ3, ಎ2 ಕಾಗದವನ್ನು ನಿಲ್ಲಿಸಿದರೆ ಅಳತೆ 1:1.414. ಆ ಫ್ರೇಮಿನ ಎತ್ತರವನ್ನು ಪೂರ್ತಿ ಉಳಿಸಿಕೊಂಡು ಈ ಕಾಗದಕ್ಕೆ ಕತ್ತರಿಸಿದರೆ ಕೈಯಲ್ಲಿ ಉಳಿಯುವುದು ಶೇ. 30ಕ್ಕಿಂತ ಸ್ವಲ್ಪ ಕಡಿಮೆ ಭಾಗ. ಶೇ. 70 ಹೋಯಿತು. ಹಳೆಯ ಸಿನಿಮಾಗಳ 1.37:1 ಫ್ರೇಮ್ ಆದರೆ ಅರ್ಧ ಉಳಿಯುತ್ತದೆ.

ಕತ್ತರಿಸುವುದು ಒಂದು ದಾರಿ. ಮೇಲೆ ಆಕಾಶವನ್ನೋ ಕೆಳಗೆ ನೆಲವನ್ನೋ ಎಳೆದು ಉದ್ದ ಮಾಡುವುದು ಇನ್ನೊಂದು. ಬಹಳ ಜನ ಮಾಡುವುದು ಇದನ್ನೇ. ಅದಕ್ಕೇ ಎಷ್ಟೋ ಪೋಸ್ಟರ್‌ಗಳ ಮೇಲರ್ಧದಲ್ಲಿ ಸುಮ್ನೆ ಮೋಡ ತುಂಬಿರುತ್ತದೆ.

ಮೂರನೆಯದು ನನಗೆ ಇಷ್ಟವಾದದ್ದು. ಎಡ-ಬಲದ ಸಂಬಂಧವನ್ನು ಹಿಂದೆ-ಮುಂದೆ ಅಥವಾ ಮೇಲೆ-ಕೆಳಗೆ ಮಾಡಿಬಿಡುವುದು. ಫ್ರೇಮಿನ ಆ ತುದಿಗೊಬ್ಬ, ಈ ತುದಿಗೊಬ್ಬ ಕೂತಿದ್ದಾರೆ ಅಂತಿಟ್ಟುಕೊಳ್ಳಿ. ಉದ್ದ ಕಾಗದದಲ್ಲಿ ಆ ದೂರ ಸಿಗುವುದಿಲ್ಲ. ಆದರೆ ಒಬ್ಬನನ್ನು ಕೆಳಗೆ, ಹತ್ತಿರ, ದೊಡ್ಡದಾಗಿ ಇಟ್ಟು, ಇನ್ನೊಬ್ಬನನ್ನು ಮೇಲೆ, ದೂರ, ಹೆಬ್ಬೆರಳಿನಷ್ಟು ಚಿಕ್ಕದಾಗಿ ಇಟ್ಟರೆ ಅದೇ ದೂರ ಸಿಗುತ್ತದೆ. ಇನ್ನೂ ಜಾಸ್ತಿಯೇ ಸಿಗುತ್ತದೆ.

ನೋಟ್‌ಬುಕ್ಕಿನಲ್ಲಿ ಬರೆದ ಚೌಕಗಳಲ್ಲಿ ಐದನ್ನು ಆರಿಸಿ ಉದ್ದ ಕಾಗದಕ್ಕೆ ತನ್ನಿ. ಏನನ್ನೂ ಕತ್ತರಿಸಬಾರದು, ಬರೀ ಜಾಗ ಬದಲಿಸಬಹುದು ಅನ್ನುವ ನಿಯಮ ಹಾಕಿಕೊಳ್ಳಿ.

ಸಿನಿಮಾದಿಂದ ನೇರವಾಗಿ ಒಂದು ಫ್ರೇಮ್ ತೆಗೆದು ಪೋಸ್ಟರಿಗೆ ಹಾಕಬಹುದಲ್ವಾ ಅಂತ ಕೇಳುವವರಿದ್ದಾರೆ. ನಿರ್ಮಾಪಕರ ಅನುಮತಿ ಇಲ್ಲದೆ ಹಾಕುವ ಹಾಗಿಲ್ಲ. ಅನುಮತಿ ಇದ್ದರೂ ಲೆಕ್ಕ ಕೂರುವುದಿಲ್ಲ. 1920×1080ರ ಫ್ರೇಮಿನ 1080 ಪಿಕ್ಸೆಲ್ ಎತ್ತರವನ್ನು ಎ3 ಕಾಗದದ ಹದಿನಾರೂವರೆ ಇಂಚಿಗೆ ಎಳೆದರೆ ಇಂಚಿಗೆ 65 ಪಿಕ್ಸೆಲ್ ಸಿಗುತ್ತದೆ. ಹತ್ತಿರದಿಂದ ನೋಡುವ ಪ್ರಿಂಟಿಗೆ 300 ಬೇಕು ಅನ್ನುವುದು ವಾಡಿಕೆ. ಗೋಡೆಯ ಮೇಲೆ ಸ್ವಲ್ಪ ದೂರದಿಂದ ನೋಡುವುದಕ್ಕೂ 150 ಇದ್ದರೆ ಒಳ್ಳೆಯದು.

3. ಯಾವ ಕ್ಷಣ ಅಂತ ತೀರ್ಮಾನಿಸಿ

ಪೋಸ್ಟರಿನ ಮುಕ್ಕಾಲು ಕೆಲಸ ಇಲ್ಲೇ ಮುಗಿಯುತ್ತದೆ. ಕಂಪ್ಯೂಟರ್ ಆನ್ ಮಾಡುವ ಮೊದಲೇ.

ಹೊಸಬರು ಕಥೆಯ ಅತಿ ದೊಡ್ಡ ಕ್ಷಣಕ್ಕೆ ಕೈ ಹಾಕುತ್ತಾರೆ. ಹೊಡೆದಾಟ, ಸ್ಫೋಟ, ಅಪ್ಪುಗೆ. ಸಿನಿಮಾದಲ್ಲಿ ಆ ಕ್ಷಣ ಕೆಲಸ ಮಾಡುವುದು ಅದಕ್ಕಿಂತ ಮುಂಚಿನ ಒಂದೂವರೆ ಗಂಟೆಯ ಬಲದಿಂದ. ಪೋಸ್ಟರಿಗೆ ಆ ಒಂದೂವರೆ ಗಂಟೆ ಇಲ್ಲ. ದಾರಿಯಲ್ಲಿ ಹೋಗುವವರು ಎರಡು ಸೆಕೆಂಡ್ ನೋಡಿದರೆ ಅದೇ ಜಾಸ್ತಿ. ಹಾಗಾಗಿ ಘಟನೆಯನ್ನು ಬಿಟ್ಟು ಅದರ ಮುಂಚಿನ ಕ್ಷಣವನ್ನೋ ನಂತರದ ಕ್ಷಣವನ್ನೋ ಹಿಡಿಯಿರಿ. ನಡುವಿನದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ.

1975ರ ಹಾಲಿವುಡ್ ಸಿನಿಮಾ 'ಜಾಸ್'ನ ಪೋಸ್ಟರ್ ನೆನಪಿಸಿಕೊಳ್ಳಿ. ಮೇಲೆ ಈಜುತ್ತಿರುವ ಹೆಂಗಸು, ಕೆಳಗಿನಿಂದ ಬಾಯಿ ತೆರೆದು ಏರಿ ಬರುತ್ತಿರುವ ಶಾರ್ಕ್. ಚಿತ್ರಕಾರ ರೋಜರ್ ಕ್ಯಾಸ್ಟೆಲ್ ಇದನ್ನು ಬರೆದದ್ದು ಮೂಲ ಕಾದಂಬರಿಯ ಪೇಪರ್‌ಬ್ಯಾಕ್ ಮುಖಪುಟಕ್ಕೆ. ಅದೇ ಚಿತ್ರ ಸಿನಿಮಾಕ್ಕೂ ಬಂತು. ರಕ್ತ ಇಲ್ಲ, ಕಿರುಚಾಟ ಇಲ್ಲ. ಅವಳಿಗೆ ಇನ್ನೂ ಗೊತ್ತೇ ಆಗಿಲ್ಲ. ಭಯ ಇರುವುದು ಅಲ್ಲಿ. ಇನ್ನೊಂದು ವಿಷಯ: ಇದು ಅಡ್ಡ ಫ್ರೇಮಿನಲ್ಲಿ ಸಾಧ್ಯವೇ ಇಲ್ಲದ ಚಿತ್ರ. ಮೇಲಿನ ಅವಳಿಗೂ ಕೆಳಗಿನ ಅದಕ್ಕೂ ನಡುವಿನ ನೀರೇ ಇಡೀ ಕಥೆ. ಉದ್ದ ಕಾಗದದ ಉದ್ದವನ್ನು ಹೀಗೆ ದುಡಿಸಿಕೊಳ್ಳಬೇಕು.

ನಮ್ಮದೇ ಒಂದು ಕೆಲಸ ಇಟ್ಟುಕೊಂಡು ಮುಂದೆ ಹೋಗೋಣ. ಒಂದು ಹವ್ಯಾಸಿ ತಂಡದ ನಾಟಕಕ್ಕೆ ಪೋಸ್ಟರ್ ಬೇಕು. ಕಥೆ ಇಷ್ಟು: ಅಪ್ಪ ತೀರಿಕೊಂಡ ಮೇಲೆ ಅಣ್ಣ-ತಂಗಿ ಹಳೇ ಮನೆ ಮಾರಲು ಹೊರಟಿದ್ದಾರೆ. ಪತ್ರಕ್ಕೆ ಇಬ್ಬರೂ ಸಹಿ ಹಾಕಬೇಕು. ತಂಗಿ ಹಾಕುತ್ತಿಲ್ಲ. ನಾಟಕದ ಹೆಸರು 'ಸಹಿ' ಅಂತಿರಲಿ.

ಮೊದಲು ತಲೆಗೆ ಬರುವುದು ನಡುವೆ ಬಿರುಕು ಬಿಟ್ಟ ಮನೆ, ಆ ಕಡೆ ಅಣ್ಣನ ಮುಖ, ಈ ಕಡೆ ತಂಗಿಯ ಮುಖ. ನಿಮಗೂ ಅದೇ ಬಂತು, ಅಲ್ವಾ? ಎಲ್ಲರಿಗೂ ಅದೇ ಬರುತ್ತದೆ. ಅದನ್ನು ಒಂದು ಹಾಳೆಯಲ್ಲಿ ಬರೆದು ಪಕ್ಕಕ್ಕಿಡಿ. ಬರೆಯದಿದ್ದರೆ ತಲೆಯಲ್ಲೇ ಕೂತು ಬೇರೇನೂ ಬರಲು ಬಿಡುವುದಿಲ್ಲ.

ಈಗ ನಿಮ್ಮ ಕೈಗೆ ಕ್ಯಾಮೆರಾ ಕೊಟ್ಟು ಆ ಮನೆಯೊಳಗೆ ಬಿಟ್ಟಿದ್ದಾರೆ ಅಂದುಕೊಳ್ಳಿ. ಶಾಟ್‌ಗಳ ಪಟ್ಟಿ ಮಾಡಿ. ದೂರದ ಶಾಟ್: ಸಾಮಾನು ಖಾಲಿ ಮಾಡಿದ ಹಾಲ್, ಎರಡು ಕುರ್ಚಿ. ಮಧ್ಯದ ಶಾಟ್: ಮೇಜಿನ ಎರಡು ತುದಿಯಲ್ಲಿ ಇಬ್ಬರು, ಯಾರೂ ಯಾರನ್ನೂ ನೋಡುತ್ತಿಲ್ಲ. ಹತ್ತಿರದ ಶಾಟ್: ತಂಗಿಯ ಕೈ, ಮುಚ್ಚಳ ತೆಗೆಯದ ಪೆನ್ನು. ಇನ್ನೂ ಹತ್ತಿರ: ಪತ್ರದ ಕೊನೆಯಲ್ಲಿ ಒಂದು ಸಹಿ ಇದೆ, ಪಕ್ಕದ ಜಾಗ ಖಾಲಿ. ಕ್ಯಾಮೆರಾ ತಿರುಗಿಸಿ: ಗೋಡೆ. ಅಪ್ಪನ ಫೋಟೋ ಇಳಿಸಿದ್ದಾರೆ. ಸುತ್ತಲಿನ ಗೋಡೆ ಮಾಸಿದೆ, ಫೋಟೋ ಇದ್ದ ಚೌಕ ಮಾತ್ರ ಹೊಸ ಬಣ್ಣದ ಹಾಗೇ ಇದೆ. ಮೇಲೊಂದು ಮೊಳೆ.

ಕೊನೆಯದನ್ನು ಆರಿಸುತ್ತೇನೆ. ಘಟನೆಯ ನಂತರದ ಕ್ಷಣ ಅದು. ಯಾರೋ ಫೋಟೋ ಇಳಿಸಿದ್ದಾರೆ. ಯಾರು? ಯಾಕೆ? ಮನೆ ಖಾಲಿಯಾಗುತ್ತಿದೆ ಅಂತ ಹೇಳದೆಯೇ ಗೊತ್ತಾಗುತ್ತದೆ. ಉಪಯೋಗಕ್ಕೆ ಬರುವ ಇನ್ನೊಂದು ಸಂಗತಿಯೂ ಇದೆ. ನಡುವಿನ ಆ ಖಾಲಿ ಚೌಕ ಹೆಸರು ಬರೆಯುವುದಕ್ಕೆ ಹೇಳಿ ಮಾಡಿಸಿದ ಜಾಗ.

4. ಹೆಸರು ಮತ್ತು ಚಿತ್ರದ ನಡುವೆ ಕಟ್ ಇರಲಿ

ಸುಮಾರು ನೂರು ವರ್ಷದ ಹಿಂದೆ ರಷ್ಯದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದರು. ಸಿನಿಮಾ ಕಲಿಸುವ ಕಡೆಯೆಲ್ಲ ಅದರ ಮಾತು ಬಂದೇ ಬರುತ್ತದೆ. ಒಬ್ಬ ನಟನ ಭಾವವಿಲ್ಲದ ಮುಖ. ಅದರ ಬೆನ್ನಿಗೇ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆಯಲ್ಲಿ ಮಗು, ಒಮ್ಮೆ ಒಬ್ಬ ಹೆಂಗಸು. ಮುಖ ಅದೇ. ನೋಡಿದವರಿಗೆ ಮಾತ್ರ ಒಮ್ಮೆ ಹಸಿವು, ಒಮ್ಮೆ ದುಃಖ, ಒಮ್ಮೆ ಆಸೆ ಕಂಡಿತು. ಅರ್ಥ ಹುಟ್ಟುವುದು ಎರಡು ಚಿತ್ರಗಳ ನಡುವೆ.

ಪೋಸ್ಟರಿನಲ್ಲಿ ಎರಡನೇ ಶಾಟ್ ಅಂದರೆ ಶೀರ್ಷಿಕೆ. ಚಿತ್ರ ನೋಡುತ್ತಾರೆ, ಹೆಸರು ಓದುತ್ತಾರೆ, ಮನಸ್ಸಿನಲ್ಲಿ ಒಂದು ಕಟ್ ಆಗುತ್ತದೆ. ಎರಡೂ ಒಂದನ್ನೇ ಹೇಳಿದರೆ ಆ ಕಟ್ ವ್ಯರ್ಥ. 'ಸಹಿ' ಅಂತ ಬರೆದು ಕೆಳಗೆ ಪೆನ್ನು ಇಟ್ಟರೆ ಹೇಳಿದ್ದನ್ನೇ ಎರಡು ಸಲ ಹೇಳಿದ ಹಾಗೆ. ಮುಚ್ಚಳ ಹಾಕಿದ ಪೆನ್ನು ಒಳ್ಳೆಯ ಶಾಟೇ. ಆದರೂ ಕೈಬಿಟ್ಟದ್ದು ಇದಕ್ಕೇ. ಮೊಳೆ, ಖಾಲಿ ಚೌಕದ ಪಕ್ಕ 'ಸಹಿ' ಅಂದಾಗ ಯಾವುದೋ ಲೆಕ್ಕ ತೀರಿಸುತ್ತಿದ್ದಾರೆ ಅನ್ನಿಸುತ್ತದೆ. ಅದನ್ನು ಚಿತ್ರವೂ ಹೇಳಿಲ್ಲ, ಹೆಸರೂ ಹೇಳಿಲ್ಲ.

ಪರೀಕ್ಷೆ ಸುಲಭ. ಹೆಸರನ್ನು ಕೈಯಿಂದ ಮುಚ್ಚಿ ಚಿತ್ರ ಏನು ಹೇಳುತ್ತದೆ ನೋಡಿ. ಆಮೇಲೆ ಚಿತ್ರ ಮುಚ್ಚಿ ಹೆಸರು ಏನು ಹೇಳುತ್ತದೆ ನೋಡಿ. ಎರಡೂ ಸಲ ಒಂದೇ ಉತ್ತರ ಬಂದರೆ ಒಂದನ್ನು ಬದಲಿಸಿ. ಹೆಸರು ಬದಲಿಸುವ ಅಧಿಕಾರ ನಮಗಿರುವುದಿಲ್ಲವಾದ್ದರಿಂದ ಚಿತ್ರವನ್ನೇ ಬದಲಿಸಬೇಕು.

5. ಬೆಳಕಿಗೆ ಒಂದು ದಿಕ್ಕು ಕೊಡಿ

ಸಿನಿಮಾದವರು ಬೆಳಕು ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತಾರೆ: ಈ ಬೆಳಕು ಎಲ್ಲಿಂದ ಬರುತ್ತಿದೆ? ಕಿಟಕಿಯಾ, ದೀಪವಾ, ಟಿವಿಯಾ? ನಾವು ಡಿಸೈನರ್‌ಗಳು ಆ ಪ್ರಶ್ನೆ ಕೇಳುವುದೇ ಇಲ್ಲ. ಹತ್ತು ಕಡೆಯಿಂದ ಹತ್ತು ಫೋಟೋ ತರುತ್ತೇವೆ. ಒಂದರಲ್ಲಿ ನೆರಳು ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಮೇಲೆ ಒಂದು ಬಣ್ಣದ ಫಿಲ್ಟರ್ ಬಳಿದು ಸರಿಯಾಯಿತು ಅಂದುಕೊಳ್ಳುತ್ತೇವೆ. ನೋಡುವವರಿಗೆ ಯಾಕೆ ಅಂತ ಗೊತ್ತಾಗದಿದ್ದರೂ ಏನೋ ಸುಳ್ಳು ಅನ್ನಿಸುತ್ತದೆ.

ಆದಷ್ಟು ನೀವೇ ಫೋಟೋ ತೆಗೆಯಿರಿ. ನಮ್ಮ ಪೋಸ್ಟರಿಗೆ ಬೇಕಾದದ್ದು ಒಂದು ಗೋಡೆ, ಒಂದು ಮೊಳೆ, ಒಂದು ಟಾರ್ಚ್. ಟಾರ್ಚನ್ನು ಎದುರಿಗೆ ಹಿಡಿದರೆ ಮೊಳೆಗೆ ನೆರಳೇ ಇರುವುದಿಲ್ಲ, ಗೋಡೆ ಚಪ್ಪಟೆಯಾಗಿ ಕಾಣುತ್ತದೆ. ಅದನ್ನೇ ಎಡಗಡೆಗೆ ತಂದು ಗೋಡೆಗೆ ಹತ್ತಿರ ಹಿಡಿಯಿರಿ. ಗೋಡೆಯ ಉಬ್ಬು ತಗ್ಗು, ಬಣ್ಣದ ಬಿರುಕು ಎಲ್ಲ ಎದ್ದು ನಿಲ್ಲುತ್ತವೆ. ಮೊಳೆಯ ನೆರಳು ಬಲಕ್ಕೆ ಉದ್ದವಾಗಿ ಬೀಳುತ್ತದೆ. ಸ್ವಲ್ಪ ಮೇಲಕ್ಕೆತ್ತಿದರೆ ನೆರಳು ಓರೆಯಾಗಿ ಕೆಳಗಿಳಿದು ಖಾಲಿ ಚೌಕದ ಒಳಗೆ ಚಾಚುತ್ತದೆ. ಅಲ್ಲಿಗೆ ನಿಲ್ಲಿಸಿ. ಉದ್ದ ನೆರಳು ಅಂದರೆ ಸಂಜೆ. ಗಡಿಯಾರ ತೋರಿಸದೆ ಹೊತ್ತು ಹೇಳಿದ ಹಾಗಾಯಿತು.

ಫೋಟೋ ತೆಗೆದ ಮೇಲೆ ಅದನ್ನು ಒಮ್ಮೆ ಕಪ್ಪು-ಬಿಳುಪು ಮಾಡಿ ನೋಡಿ. ಬಣ್ಣ ಹೋದ ಮೇಲೂ ಕಣ್ಣು ಮೊದಲು ಬೇಕಾದ ಕಡೆಗೇ ಹೋಗುತ್ತಿದ್ದರೆ ಬೆಳಕು ಸರಿ ಇದೆ.

6. ಬಣ್ಣಕ್ಕಿಂತ ಬಣ್ಣದ ಪಾಲು ಮುಖ್ಯ

ಸಿನಿಮಾ ಫ್ರೇಮಿನಿಂದ ಐದು ಬಣ್ಣ ಎತ್ತಿಕೊಳ್ಳುವ ಕೆಲಸ ಎಲ್ಲರೂ ಮಾಡುತ್ತಾರೆ. ಐದೂ ಬಣ್ಣದ ಸಮ ಸಮ ಪಟ್ಟಿಗಳು. ಸಮ ಮಾಡಿದ ಕೂಡಲೇ ಆ ಫ್ರೇಮಿನ ಜೀವ ಹೋಯಿತು. ಒಂದು ಫ್ರೇಮಿನಲ್ಲಿ ಕೆಂಪು ಸ್ವೆಟರ್ ಕಣ್ಣಿಗೆ ಬಿತ್ತು ಅಂದರೆ ಅದು ಸುತ್ತ ಶೇ. 95 ಬೂದು ಇದ್ದದ್ದಕ್ಕೆ. ಹಾಗಾಗಿ ಪಟ್ಟಿ ಮಾಡುವಾಗ ಪಾಲನ್ನೂ ಬರೆದುಕೊಳ್ಳಿ: ಮಾಸಿದ ಹಸಿರು ಮುಕ್ಕಾಲು, ಕಂದು ಕಾಲಿಗೆ ಸ್ವಲ್ಪ ಕಡಿಮೆ, ಹಳದಿ ಒಂದು ಚುಕ್ಕೆ.

ಒಂದೇ ಬಣ್ಣಕ್ಕೆ ಹೆಚ್ಚು ಕಡಿಮೆ ಇಡೀ ಕಾಗದ ಬಿಟ್ಟುಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 1958ರ 'ವರ್ಟಿಗೋ' ಸಿನಿಮಾದ ಪೋಸ್ಟರ್ ನೋಡಿ. ಗ್ರಾಫಿಕ್ ಡಿಸೈನರ್ ಸೌಲ್ ಬಾಸ್ ಮಾಡಿದ್ದು. ಕಾಗದದ ತುಂಬ ಕಿತ್ತಳೆ, ನಡುವೆ ಬಿಳಿ ಗೆರೆಗಳ ಸುಳಿ, ಅದರೊಳಗೆ ಬೀಳುತ್ತಿರುವ ಎರಡು ಆಕೃತಿ. ಎತ್ತರದ ಭಯ ಇರುವ ಮನುಷ್ಯನ ಕಥೆ ಅದು. ಆದರೆ ಪೋಸ್ಟರಿನಲ್ಲಿ ಎತ್ತರದ ಕಟ್ಟಡ ಒಂದೂ ಇಲ್ಲ, ತಲೆ ಸುತ್ತುವುದಷ್ಟೇ ಇದೆ.

ನಮ್ಮ 'ಸಹಿ'ಗೆ ಎರಡೇ ಬಣ್ಣ ಸಾಕು. ಮಾಸಿದ ಹಸಿರು ಗೋಡೆ, ಅದರದೇ ತಾಜಾ ರೂಪದ ಚೌಕ. ಮೂರನೆಯದು ಮೊಳೆಯ ತುಕ್ಕು. ಆ ತುಕ್ಕಿನ ಬಣ್ಣವನ್ನೇ ದಿನಾಂಕ, ಸಮಯದ ಅಕ್ಷರಕ್ಕೆ ಕೊಟ್ಟರೆ ಹೊರಗಿನಿಂದ ಬಣ್ಣ ತರಬೇಕಾಗಿಲ್ಲ.

7. ಅಕ್ಷರಕ್ಕೂ ಪಾತ್ರ ಇದೆ

ಸತ್ಯಜಿತ್ ರೇ ನಿರ್ದೇಶಕರಾಗುವ ಮುಂಚೆ ಡಿಸೈನರ್ ಆಗಿದ್ದವರು. 1943ರಲ್ಲಿ ಒಂದು ಜಾಹೀರಾತು ಕಂಪನಿ ಸೇರಿ, ಪುಸ್ತಕಗಳ ಮುಖಪುಟಗಳನ್ನೂ ಮಾಡುತ್ತಿದ್ದರು. ಆಮೇಲೆ ತಮ್ಮ ಸಿನಿಮಾಗಳ ಪೋಸ್ಟರಿಗೆ, ಟೈಟಲಿಗೆ ತಾವೇ ಅಕ್ಷರ ಬರೆದರು. ಸಿನಿಮಾದ ಸ್ವಭಾವ ಅವರ ಅಕ್ಷರದ ತಿರುವಿನಲ್ಲೇ ಕಾಣುತ್ತದೆ. ಫಾಂಟ್ ಪಟ್ಟಿ ತೆರೆಯುವ ಮೊದಲು ಈ ಕಥೆಯ ಹೆಸರನ್ನು ಯಾರು ಬರೆದಿರಬಹುದು ಅಂತ ಕೇಳಿಕೊಳ್ಳಿ. 'ಸಹಿ'ಯನ್ನು ಮನೆ ಮಾರಾಟದ ಪತ್ರ ಬರೆಯುವವರು ಟೈಪ್ ಮಾಡಿರಬಹುದು. ತಂಗಿ ನಡುಗುವ ಕೈಯಲ್ಲಿ ಬರೆದಿರಬಹುದು. ನಾನು ಮೊದಲನೆಯದನ್ನು ಆರಿಸುತ್ತೇನೆ. ಸಹಿ ಅನ್ನುವ ಮಾತನ್ನು ಕೈಬರಹದಲ್ಲೇ ಬರೆದರೆ ಮತ್ತೆ ಹೇಳಿದ್ದನ್ನೇ ಹೇಳಿದ ಹಾಗೆ.

ಕನ್ನಡ ಅಕ್ಷರಕ್ಕೆ ಒಂದು ಎಚ್ಚರಿಕೆ. ಹಾಲಿವುಡ್ ಪೋಸ್ಟರ್‌ಗಳ ಕೆಳಗೆ ಕಡ್ಡಿಯಂತೆ ಕಿರಿದಾದ ಅಕ್ಷರದಲ್ಲಿ ಹೆಸರುಗಳ ರಾಶಿ ಇರುತ್ತದಲ್ಲ, ಅದು ಚೆಂದಕ್ಕೆ ಬಂದದ್ದಲ್ಲ. ಹೆಸರುಗಳ ಗಾತ್ರ ಶೀರ್ಷಿಕೆಯ ಗಾತ್ರದ ಇಂತಿಷ್ಟು ಭಾಗ ಇರಬೇಕು ಅಂತ ಕರಾರುಗಳಲ್ಲೇ ಬರೆದಿರುತ್ತದೆ. ಎತ್ತರ ಬಿಡುವ ಹಾಗಿಲ್ಲ, ಜಾಗವೂ ಇಲ್ಲ, ಅಗಲ ಕಡಿಮೆ ಮಾಡಿದರು. ನಮಗೆ ಆ ಕರಾರೂ ಇಲ್ಲ, ನಮ್ಮ ಗುಂಡು ಅಕ್ಷರಕ್ಕೆ ಆ ಇಕ್ಕಟ್ಟೂ ಒಗ್ಗುವುದಿಲ್ಲ. ಹಿಂಡಿದರೆ ಒತ್ತಕ್ಷರಗಳು ಕಲಸಿಹೋಗುತ್ತವೆ. ಒತ್ತು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ.

ಗಾತ್ರಕ್ಕೆ ಬೋರ್ಡು ಬರೆಯುವವರ ಒಂದು ಲೆಕ್ಕ ಇದೆ. ಒಂದು ಇಂಚು ಎತ್ತರದ ಅಕ್ಷರವನ್ನು ಸುಮಾರು ಹತ್ತು ಅಡಿಯಿಂದ ಆರಾಮಾಗಿ ಓದಬಹುದು. ಪೋಸ್ಟರನ್ನು ಎಷ್ಟು ದೂರದಿಂದ ನೋಡುತ್ತಾರೆ ಅಂತ ಮೊದಲು ತಿಳಿದುಕೊಂಡು ಅದರ ಮೇಲೆ ಶೀರ್ಷಿಕೆಯ ಗಾತ್ರ ನಿರ್ಧರಿಸಿ. ಮೊಬೈಲಿನಲ್ಲಿ ನೋಡುವವರೇ ಜಾಸ್ತಿಯಾದರೆ ಫೈಲನ್ನು 150 ಪಿಕ್ಸೆಲ್ ಅಗಲಕ್ಕೆ ಇಳಿಸಿ ನೋಡಿ. ಆಗಲೂ ಹೆಸರು ಓದಲು ಬರಬೇಕು.

8. ಪ್ರಿಂಟಿಗೆ ಕಳಿಸುವ ಮುಂಚೆ

ಸಿನಿಮಾ ಹುಚ್ಚಿನವರ ಪೋಸ್ಟರ್‌ಗಳು ಕತ್ತಲು ಜಾಸ್ತಿ. ತೆರೆಯ ಮೇಲೆ ಆ ಕತ್ತಲು ಚೆಂದ, ಯಾಕೆಂದರೆ ಅಲ್ಲಿ ಚಿತ್ರವೇ ಬೆಳಕು. ಕಾಗದಕ್ಕೆ ತನ್ನ ಬೆಳಕಿಲ್ಲ. ನೆರಳಿನೊಳಗಿನ ವಿವರವೆಲ್ಲ ಒಂದೇ ಮಸಿಯಾಗುತ್ತದೆ. ಹೊಳಪಿಲ್ಲದ ಕಾಗದ ಶಾಯಿ ಹೀರುವುದರಿಂದ ಇನ್ನೂ ಕಪ್ಪಾಗುತ್ತದೆ. ಫೈಲನ್ನು ಸಿಎಂವೈಕೆಗೆ, ಅಂದರೆ ಪ್ರಿಂಟಿನ ನಾಲ್ಕು ಶಾಯಿಗಳ ಲೆಕ್ಕಕ್ಕೆ, ಬದಲಿಸಿದ ಮೇಲೆ ನೆರಳಿನ ಭಾಗವನ್ನು ಸ್ವಲ್ಪ ತಿಳಿ ಮಾಡಿ. ಗೋಡೆಗೂ ಚೌಕಕ್ಕೂ ಇರುವ ವ್ಯತ್ಯಾಸ ಮಾನಿಟರಿನಲ್ಲಿ ಸಾಕು ಅನ್ನಿಸಿದರೆ ಕಾಗದಕ್ಕೆ ಇನ್ನಷ್ಟು ಬೇಕು ಅಂತ ತಿಳಿಯಿರಿ.

ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು, ಬಿಡಿ. ಚಿಕ್ಕ ಅಕ್ಷರಗಳನ್ನು ಬರೀ ಕಪ್ಪು ಶಾಯಿಯಲ್ಲಿ ಇಡಿ. ನಾಲ್ಕೂ ಶಾಯಿ ಸೇರಿಸಿ ಮಾಡಿದ ಗಾಢ ಕಪ್ಪಿನ ಮೇಲೆ ಸಣ್ಣ ಬಿಳಿ ಅಕ್ಷರ ಬೇಡ. ಶಾಯಿಗಳು ಕೂದಲೆಳೆಯಷ್ಟು ಆಚೀಚೆ ಆದರೂ ಅಕ್ಷರ ತುಂಬಿಹೋಗುತ್ತದೆ. ಬಿಳಿಯ ಅಂಚಿನಲ್ಲಿ ಬಣ್ಣ ಇಣುಕುತ್ತದೆ, ನಾವು ಪ್ರೆಸ್ಸಿನವರನ್ನು ಬೈಯುತ್ತೇವೆ. ಒಂದು ಸ್ಯಾಂಪಲ್ ತೆಗೆಸಿ, ಪೋಸ್ಟರ್ ಅಂಟಿಸುವ ಜಾಗದ ಬೆಳಕಿನಲ್ಲೇ ಇಟ್ಟು ನೋಡಿ.

9. "ಎಲ್ಲರ ಮುಖ ಹಾಕಿ" ಅಂದಾಗ

ಅನ್ನುತ್ತಾರೆ. ನಾಟಕ ತಂಡದವರು ಖಂಡಿತ ಅನ್ನುತ್ತಾರೆ. "ಮೊಳೆ ಚೆನ್ನಾಗಿದೆ. ಆದರೆ ಕಲಾವಿದರು ಕಾಣಬೇಕಲ್ವಾ?"

ಸಿಟ್ಟಾಗಬೇಡಿ. ಅವರದ್ದೂ ತಪ್ಪಲ್ಲ. ಎರಡನೇ ಮಹಾಯುದ್ಧದ ನಂತರ ಪೋಲೆಂಡಿನ ಸಿನಿಮಾ ಪೋಸ್ಟರ್‌ಗಳಲ್ಲಿ ತಾರೆಯರ ಮುಖವೇ ಇಲ್ಲದ ಎಷ್ಟೋ ಒಳ್ಳೆಯ ಕೆಲಸ ಬಂತು. ಅಲ್ಲಿ ಸಿನಿಮಾ ಹಂಚಿಕೆ ಸರ್ಕಾರದ ಕೈಯಲ್ಲಿತ್ತು. ಮುಖ ತೋರಿಸಿ ಟಿಕೆಟ್ ಮಾರುವ ಒತ್ತಡ ಕಲಾವಿದರ ಮೇಲಿರಲಿಲ್ಲ. ನಿಮ್ಮ ಮುಂದಿರುವವರಿಗೆ ಆ ಒತ್ತಡ ಇದೆ. ಅದನ್ನು ಒಪ್ಪಿಕೊಂಡೇ ಮಾತಾಡಿ.

ವಾದಕ್ಕಿಂತ ಪ್ರಿಂಟ್ ಚೆನ್ನಾಗಿ ಮಾತಾಡುತ್ತದೆ. ಅವರು ಹೇಳಿದ ಹಾಗೆ ಆರು ಮುಖದ ಒಂದು ಪೋಸ್ಟರ್ ನಿಜಕ್ಕೂ ಮಾಡಿ. ಬೇಕಂತಲೇ ಕೆಡಿಸಬೇಡಿ, ಅದು ಮೋಸ. ಎರಡನ್ನೂ ಪ್ರಿಂಟ್ ತೆಗೆದು, ಬೇರೆ ನಾಲ್ಕೈದು ಪೋಸ್ಟರ್‌ಗಳ ನಡುವೆ ಗೋಡೆಗೆ ಅಂಟಿಸಿ, ಹತ್ತು ಅಡಿ ದೂರದಿಂದ ತೋರಿಸಿ. ಆರು ಮುಖ ಇರುವಲ್ಲಿ ಒಂದೊಂದೂ ಎಷ್ಟು ಚಿಕ್ಕದಾಗುತ್ತದೆ ಅಂತ ಅವರಿಗೇ ಕಾಣುತ್ತದೆ. ಆದರೂ ಮುಖಗಳೇ ಬೇಕು ಅಂದರೆ ಕೆಲಸ ಹಂಚಿ. ಗೋಡೆಗೆ ಮೊಳೆ, ಮೊಬೈಲಿಗೆ ಮುಖಗಳು. ಮೊಬೈಲಿಗೆ ಒಂದು ಚಿತ್ರದಲ್ಲಿ ಆರು ಮುಖ ತುರುಕಬೇಡಿ. ಒಬ್ಬೊಬ್ಬರದು ಒಂದೊಂದು ಚಿತ್ರ, ದಿನಕ್ಕೊಂದರಂತೆ, ಎಲ್ಲರೂ ಅದೇ ಹಸಿರು ಗೋಡೆಯ ಮುಂದೆ, ಎಡಗಡೆಯಿಂದ ಬೀಳುವ ಅದೇ ಬೆಳಕಿನಲ್ಲಿ. ತಾಲೀಮಿನ ದಿನ ಟಾರ್ಚ್ ಹಿಡಿದು ಹೋದರೆ ಅರ್ಧ ಗಂಟೆಯ ಕೆಲಸ. ಕೊನೆಯ ದಿನ ಗೋಡೆಯ ಮುಂದೆ ಯಾರೂ ಇಲ್ಲದ ಚಿತ್ರವನ್ನು, ಅಂದರೆ ಮೊದಲಿನ ಪೋಸ್ಟರನ್ನೇ, ನಾಟಕದ ಸಮಯದ ಜೊತೆ ಹಾಕಿ.